ಭಾವನವರ ಪೂರ್ವಪಕ್ಷ

ನಮ್ಮ ಭಾವನವರಿಗೆ ಚೀನೀ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೂ ಚೀನೀ ಮಾತಾಡುವವರಲ್ಲಿ ಯಾರು ಹೇಗೆ ವಾದ ಮಾಡುತ್ತಾರೆ ಎಂಬ ಶಾಸ್ತ್ರದಲ್ಲಿ ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯೆಗೊವರೆಗೆ ಅವರಷ್ಟು ದೊಡ್ಡ ಪಂಡಿತರು ಇನ್ನೊಬ್ಬರಿರಲಿಲ್ಲ! ನಗಬೇಡಿ. ಇದು ನನ್ನ ಮಾತಲ್ಲ, ಅವರೇ ಹೇಳುತ್ತಿದ್ದದ್ದು.

ಭಾವ ಅಂದರೆ ನನ್ನ ಯಜಮಾನರ ಅಣ್ಣ. ಮೈಸೂರಿನವರು, ಸಿವಿಲ್ ಇಂಜಿನಿಯರು, ಬ್ರಹ್ಮಚಾರಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಒಂಬತ್ತು ಕಾರಣ ಕೊಡುತ್ತಿದ್ದರು. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಹುಡುಗಿಯನ್ನು ಬಿಟ್ಟು ಹುಡುಗಿಯ ಅಪ್ಪನ ಜೊತೆ ವಾದಕ್ಕೆ ಕೂತದ್ದು ಹತ್ತನೆಯ ಕಾರಣ. ಅದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ, ನಮ್ಮ ಅತ್ತೆ ಹೇಳುತ್ತಿದ್ದರು. ಅಮೆರಿಕಾಕ್ಕೆ ಬಂದು ಒಂದು ಊರಿನ ಚರಂಡಿ ವಿಭಾಗದಲ್ಲಿ ಕೆಲಸ ಮಾಡಿದರು. ಮಳೆನೀರು ಯಾವ ಕಡೆ ಹರಿಯಲು ಇಷ್ಟಪಡುತ್ತದೆ ಎನ್ನುವ ವಿಷಯದಲ್ಲಿ ಮೇಲಧಿಕಾರಿಯ ಜೊತೆ ಎರಡು ವರ್ಷ ವಾದ ಮಾಡಿ, ಬೇಗನೆ ರಿಟೈರ್ ಆಗಿ, ಲಾಸ್ ಏಂಜಲಿಸ್ ಪಕ್ಕದ ವೆಸ್ಟ್ ಕೊವಿನಾದ ನಮ್ಮ ಮನೆಗೆ ಬಂದು ಸೇರಿಕೊಂಡರು. ಎಪ್ಪತ್ತರ ದಶಕದ ಕೊನೆಯ ಮಾತು ಇದು.

ಬಂದವರಿಗೆ ಊಟಕ್ಕೆ, ಹಾಸಿಗೆಗೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎದುರಾಳಿಗೆ! ನಮ್ಮ ಯಜಮಾನರು ಯಾವುದಕ್ಕೂ "ಹೂಂ ಅಣ್ಣ" ಎನ್ನುವವರು. ಪಕ್ಕದ ಮನೆಯ ಅಮೆರಿಕನ್ "ವೆರಿ ಇಂಟರೆಸ್ಟಿಂಗ್" ಎಂದು ನಕ್ಕು ಗ್ಯಾರೇಜಿನ ಬಾಗಿಲು ಇಳಿಸಿಬಿಡುತ್ತಿದ್ದ. ಕನ್ನಡದವರ ಕೂಟದಲ್ಲಿ ಕೇಳುವುದೇ ಬೇಡ. ನಮ್ಮ ಮೈಸೂರು, ಬೆಂಗಳೂರಿನವರು "ನೀವು ಹೇಳಿದ್ಮೇಲೆ ಮುಗೀತು ಅಂಕಲ್" ಎಂದು ತಲೆಬಾಗಿ, ಮನೆಗೆ ಹೋಗಿ, ಒಂದು ವಾರ ಫೋನಿನಲ್ಲಿ ಅವರನ್ನು ಖಂಡಿಸುತ್ತಿದ್ದರು. ಧಾರವಾಡದ ಡಾಕ್ಟರೊಬ್ಬರು ಮಾತ್ರ ಒಮ್ಮೆ ಎದ್ದು ನಿಂತು, "ಏನ್ರೀ ಇದು, ಇಷ್ಟ್ ದೊಡ್ಡವ್ರಾಗಿ ಬರೇ ಸುಳ್ಳ ಹೇಳಾಕತ್ತೀರಲ್ಲ!" ಎಂದರು. ಭಾವನವರಿಗೆ ಆನಂದಬಾಷ್ಪ ಬರುವುದೊಂದು ಬಾಕಿ. ಆದರೆ ಆ ಡಾಕ್ಟರಿಗೆ ವಾರಕ್ಕೆ ಆರು ದಿನ ಡ್ಯೂಟಿ!

ಉಳಿದವಳು ನಾನು. ಉಪ್ಪಿಟ್ಟಿಗೆ ಕ್ಯಾರೆಟ್ ಹಾಕಬಾರದು ಎಂದು ಅವರು, ಹಾಕಿದರೆ ಏನಾಗುತ್ತದೆ ಎಂದು ನಾನು. ಬೆಳಗ್ಗೆ ಎಂಟಕ್ಕೆ ಶುರುವಾದರೆ ಉಪ್ಪಿಟ್ಟು ತಣ್ಣಗಾಗಿ, ಬಿಸಿಯಾಗಿ, ಮತ್ತೆ ತಣ್ಣಗಾಗುತ್ತಿತ್ತು. ಎರಡನೇ ಕ್ಲಾಸಿನ ನನ್ನ ಮಗಳು ಮಧ್ಯೆ ನಿಂತು, "ದೊಡ್ಡಪ್ಪ, ಯು ಆಲ್ರೆಡಿ ಸೆಡ್ ದಟ್!" ಎಂದು ತೀರ್ಪು ಕೊಟ್ಟು ಸ್ಕೂಲಿಗೆ ಹೋಗುತ್ತಿದ್ದಳು.

ಇನ್ನು ಚೀನೀಯರ ಕಥೆ. ಆಗೆಲ್ಲ ಹಸಿಮೆಣಸಿನಕಾಯಿ, ಕೊತ್ತಂಬರಿ, ಹಾಗಲಕಾಯಿ ಬೇಕು ಅಂದರೆ ಮಾಂಟೆರೆ ಪಾರ್ಕಿನ ಚೀನೀ ಅಂಗಡಿಗೆ ಹೋಗಬೇಕಿತ್ತು. ಡ್ರೈವರ್ ನಾನೇ. ಭಾವನವರು ಡ್ರೈವ್ ಮಾಡುತ್ತಿರಲಿಲ್ಲ. ದಾರಿ ಬಿಟ್ಟುಕೊಡು ಎನ್ನುವ ಬೋರ್ಡು ಕಂಡರೆ ಅವರಿಗೆ ಮೊದಲು "ಯಾಕೆ?" ಎಂಬ ಪ್ರಶ್ನೆ ಏಳುತ್ತಿತ್ತು. ಉತ್ತರ ಸಿಗುವಷ್ಟರಲ್ಲಿ ಎರಡು ಸಲ ಕಾರಿನ ಮೂತಿ ನುಜ್ಜಾಗಿತ್ತು!

ಒಂದು ಭಾನುವಾರ ಮಧ್ಯಾಹ್ನ ನಾನು ಹಾಗಲಕಾಯಿ ಆರಿಸುತ್ತಿದ್ದೆ. ಅಂಗಡಿಯ ಮಹಡಿಯಿಂದ 'ಟಣ್' ಎಂದು ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ 'ಟಣ್ ಟಣ್'. ಭಾವನವರು ಕಿವಿ ನಿಮಿರಿಸಿದರು.

"ಮೇಲೆ ದೇವಸ್ಥಾನ ಇದೆ ಕಣಮ್ಮ. ಮಂಗಳಾರತಿ ಆಗ್ತಿದೆ. ಯಾವ ದೇವರಾದ್ರೇನು, ಬಾ."

ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದುಕೊಂಡೇ ಹತ್ತಿದರು. ಹಿಂದೆ ನಾನು, ಒಂದು ಕೈಯಲ್ಲಿ ಹಾಗಲಕಾಯಿ. ಬಾಗಿಲು ತಳ್ಳಿದರೆ ದೇವರೂ ಇಲ್ಲ, ಆರತಿಯೂ ಇಲ್ಲ! ಮಡಚುವ ಕುರ್ಚಿಗಳಲ್ಲಿ ನಲವತ್ತು ಜನ. ಮುಂದೆ ಎರಡು ಮೇಜು, ಮೇಜಿಗೆ ಇಬ್ಬರಂತೆ ನಾಲ್ವರು. ಒಬ್ಬರು ನಿಂತು ಚೀನೀಯಲ್ಲಿ ಏನೋ ಆವೇಶದಿಂದ ಹೇಳುತ್ತಿದ್ದಾರೆ. ಮೂಲೆಯಲ್ಲಿ ಗಂಟೆ ಇಟ್ಟುಕೊಂಡ ಅಜ್ಜಿ. ಅದು ಚೀನೀ ಚರ್ಚಾಕೂಟ. ಆರು ನಿಮಿಷಕ್ಕೆ ಒಂದು ಗಂಟೆ ಎಚ್ಚರಿಕೆಗೆ, ಏಳಕ್ಕೆ ಎರಡು ಗಂಟೆ ಅಂದರೆ ಬಾಯಿ ಮುಚ್ಚು ಎಂದು. ಬರಿಗಾಲಲ್ಲಿ ಕೈಮುಗಿದು ಬಂದ ಈ ವ್ಯಕ್ತಿಯ ಭಕ್ತಿ ನೋಡಿ ಅವರೆಲ್ಲ ಎದ್ದು ನಿಂತು, ಮೊದಲ ಸಾಲಿನಲ್ಲಿ ಕೂರಿಸಿ ಟೀ ಕೊಟ್ಟರು. ಭಾವನವರು ಆ ಕುರ್ಚಿಯನ್ನು ಆಮೇಲೆ ವರ್ಷಗಟ್ಟಲೆ ಬಿಡಲಿಲ್ಲ!

ಅರ್ಥವಾಗದ ಭಾಷೆಯಲ್ಲಿ ಏನು ಕೇಳುತ್ತಿದ್ದರು ಅಂತೀರಾ? ಅದಕ್ಕೆ ಮಿಸೆಸ್ ವಾಂಗ್ ಇದ್ದರು. ಹಾಂಗ್‌ಕಾಂಗಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಸ್ಯಾನ್ ಡಿಯೆಗೊದಲ್ಲಿ ನೀರು ಪರೀಕ್ಷಿಸುವ ಒಂದು ಸಣ್ಣ ಲ್ಯಾಬ್ ನಡೆಸುತ್ತಿದ್ದರು. ಪ್ರತಿ ತಿಂಗಳೂ ವಾದಕ್ಕೆಂದೇ ಎರಡು ಗಂಟೆ ಕಾರು ಓಡಿಸಿಕೊಂಡು ಬರುವವರು. ಭಾವನವರ ಪಕ್ಕ ಕೂತು ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಅನುವಾದ ಮಾಡುತ್ತಿದ್ದರು. ತಮ್ಮ ಕಡೆಯವರು ಎರಡು ನಿಮಿಷ ಮಾತಾಡಿದರೆ ಐದು ನಿಮಿಷದ ಅನುವಾದ. ಎದುರು ಕಡೆಯ ಲಿನ್ ಏಳು ನಿಮಿಷ ಮಾತಾಡಿದರೆ, "ಇಲ್ಲ ಅಂತಿದಾನೆ." ಮುಗಿಯಿತು!

ಈ ಲಿನ್ ತೈವಾನಿನವರು, ಮೇಷ್ಟ್ರು. ಇನ್ನೊಬ್ಬರು ತಾನ್, ಮಲೇಷ್ಯಾದವರು, ಊರಲ್ಲಿ ವಕೀಲರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮೂವರೂ ಮಾತಾಡುವುದು ಚೀನೀ. ಮೂವರ ವಾದವೂ ಬೇರೆ ಬೇರೆ! ಭಾವನವರಿಗೆ ಅದೇ ಕುತೂಹಲ. ಒಂದು ನೋಟ್‌ಬುಕ್ ತಂದು, ಚರಂಡಿ ಇಂಜಿನಿಯರಲ್ಲವೇ, ಪ್ರತಿಯೊಬ್ಬರ ವಾದಕ್ಕೂ ನೀರು ಹರಿಯುವ ನಕ್ಷೆ ಬರೆದರು.

"ಲಿನ್ ನೋಡು, ನದಿ. ಮೊದಲು ಸಭೆಗೆ ನಮಸ್ಕಾರ, ಆಮೇಲೆ ಎದುರಾಳಿಯ ಹೊಗಳಿಕೆ, ಆಮೇಲೆ ಯಾವುದೋ ಕಾಲದ ರೈತನ ಕಥೆ. ಬಂಡೆ ಸುತ್ತ ಹೋಗ್ತಾನೆ, ಬಂಡೆ ಮುಟ್ಟೋದೇ ಇಲ್ಲ. ಕೊನೆಗೆ ನೋಡಿದ್ರೆ ಬಂಡೆನೇ ಇಲ್ಲ! ಮಿಸೆಸ್ ವಾಂಗ್ ಒಡೆದ ಪೈಪು. ತೀರ್ಮಾನ ಮೊದಲು, ಕಾರಣ ಹಿಂದೆ. ಯಾವಾಗ್ಲೂ ಮೂರು ಕಾರಣ ಅಂತಾಳೆ. ಎರಡೇ ಇದ್ರೂ ಮೂರು ಬೆರಳು ತೋರಿಸ್ತಾಳೆ, ಮೂರನೇದು ದಾರೀಲಿ ಹುಟ್ಟುತ್ತೆ. ತಾನ್ ಮಾತ್ರ ನಲ್ಲಿ. ವಿಷಯದ ಒಂದೊಂದು ಪದಕ್ಕೂ ಅರ್ಥ ಏನು ಅಂತ ಕೇಳಿ, ಎಲ್ಲಾ ಜಾಯಿಂಟೂ ಟೈಟ್ ಮಾಡಿ, ಆಮೇಲೆ ಒಂದು ತೊಟ್ಟು ಬಿಡ್ತಾನೆ."

ಒಂದು ದಿನ ಲಿನ್ ತಲೆಬಾಗಿ, "ನಾನಿನ್ನೂ ಕಲಿಯುವುದು ಬಹಳ ಇದೆ" ಎಂದು ಹೇಳಿ ಕೂತರು. ಭಾವನವರು "ಎಂಥ ವಿನಯ!" ಎಂದು ಬರೆದುಕೊಂಡರು. ಮಿಸೆಸ್ ವಾಂಗ್ ಬಗ್ಗಿ ನೋಡಿ ನಕ್ಕರು. "ವಿನಯವಾ? ಈಗಷ್ಟೇ ಎದುರಿಗಿದ್ದವನನ್ನ ಹೂತುಬಿಟ್ಟ!"

ಟೀ ಪ್ರಕರಣ ಇನ್ನೂ ಚೆಂದ. ವಾದ ಮುಗಿದ ಮೇಲೆ ಎಲ್ಲರೂ ಟೀಗೆ ಕೂರುತ್ತಿದ್ದರು. ಭಾವನವರು ತಾನ್ ಜೊತೆ ಇಂಗ್ಲಿಷಿನಲ್ಲಿ ತಮ್ಮದೊಂದು ವಾದ ಹೂಡಿ, ನಡುನಡುವೆ ಅವರ ಬಟ್ಟಲಿಗೆ ಟೀ ಬಗ್ಗಿಸುತ್ತಿದ್ದರು. ಆಗೆಲ್ಲ ತಾನ್ ಮಾತು ನಿಲ್ಲಿಸದೆ ಎರಡು ಬೆರಳಿನಿಂದ ಮೇಜನ್ನು ಟಕಟಕ ಕುಟ್ಟುತ್ತಿದ್ದರು. ಭಾವನವರ ಮುಖ ಅರಳುತ್ತಿತ್ತು. ಬರುವಾಗ ಕಾರಿನಲ್ಲಿ, "ಇವತ್ತು ಹನ್ನೊಂದು ಸಲ ಒಪ್ಪಿಕೊಂಡ ಕಣಮ್ಮ. ಬಾಯಲ್ಲಿ ಹೇಳಕ್ಕೆ ಸಂಕೋಚ, ಬೆರಳಲ್ಲಿ ಒಪ್ಕೋತಾರೆ. ಎಂಥ ಸಂಸ್ಕೃತಿ!" ಎನ್ನುವರು. ಮೂರು ತಿಂಗಳು ಹೀಗೆ ಗೆದ್ದ ಮೇಲೆ ಮಿಸೆಸ್ ವಾಂಗ್ ಬಾಯಿ ಬಿಟ್ಟರು. ಅದು ಟೀ ಬಗ್ಗಿಸಿದವರಿಗೆ ಥ್ಯಾಂಕ್ಸ್ ಹೇಳುವ ಪದ್ಧತಿಯಂತೆ! ಆ ದಿನ ರಾತ್ರಿ ನಾನು ಸಾರು ಬಡಿಸಿದಾಗ ಭಾವನವರು ಎರಡು ಬೆರಳಲ್ಲಿ ಮೇಜು ಕುಟ್ಟಿದರು.

ಅವರ ಶಾಸ್ತ್ರಕ್ಕೆ ಪೆಟ್ಟು ಬೀಳುತ್ತಲೇ ಇತ್ತು. ಒಮ್ಮೆ ಬೀಜಿಂಗ್‌ನಿಂದ ಪ್ರೊಫೆಸರ್ ಒಬ್ಬರು ಬಂದರು. ಭಾವನವರು ನಾಲ್ಕು ಪೆನ್ಸಿಲ್ ಕೆತ್ತಿಟ್ಟುಕೊಂಡು ಕಾದರು. ಪ್ರೊಫೆಸರ್ ಎದ್ದು, ಎರಡೇ ವಾಕ್ಯ ಹೇಳಿ ಕೂತರು. 'ಬೀಜಿಂಗ್ ಶೈಲಿ: ಮಿತಭಾಷೆ, ಗಾಂಭೀರ್ಯ' ಎಂದು ಭಾವನವರು ದಪ್ಪಕ್ಷರದಲ್ಲಿ ಬರೆದುಕೊಂಡರು. ಆಮೇಲೆ ತಿಳಿಯಿತು, ಪಾಪ, ಅವರಿಗೆ ಗಂಟಲು ಕಟ್ಟಿತ್ತು!

ನಕ್ಷೆಗಳನ್ನು ನೋಡಿ ಮಿಸೆಸ್ ವಾಂಗ್ ಬಿದ್ದು ಬಿದ್ದು ನಕ್ಕರು. "ಇಂಜಿನಿಯರ್ರೇ, ಲಿನ್ ಹಾಗೆ ಸುತ್ತಿ ಸುತ್ತಿ ಮಾತಾಡೋದು ತೈವಾನಿಂದ ಬಂದಿದ್ದಕ್ಕಲ್ಲ. ಎರಡನೇ ಸಾಲಲ್ಲಿ ಅವನ ಹಳೇ ಮೇಷ್ಟ್ರು ಕೂತಿರ್ತಾರಲ್ಲ, ಅದಕ್ಕೆ. ಮನೇಲಿ ಹೆಂಡತಿ ಜೊತೆ ಮಾತಾಡೋದು ಕೇಳಿ, ನಿಮ್ಮ ನದಿಯ ಅಣೆಕಟ್ಟೇ ಒಡೆಯುತ್ತೆ!"

ಭಾವನವರು ಗಂಭೀರವಾಗಿ ನದಿಯ ಪಕ್ಕ 'ಮೇಷ್ಟ್ರು ಇದ್ದಾಗ ಮಾತ್ರ' ಎಂದು ಸೇರಿಸಿದರು.

"ಅದಿರಲಿ, ನಿಮ್ಮ ಕಡೆ ಹೇಗೆ ವಾದ ಮಾಡ್ತೀರಿ?" ಎಂದು ಲಿನ್ ಕೇಳಿದರು. ಭಾವನವರು ಕುರ್ಚಿಯಲ್ಲಿ ನೆಟ್ಟಗಾದರು. ಅವರ ತಾತ ಮೈಸೂರಿನಲ್ಲಿ ತರ್ಕಶಾಸ್ತ್ರದ ಪಂಡಿತರು. "ನಮ್ಮಲ್ಲಿ ಮೊದಲು ಪೂರ್ವಪಕ್ಷ. ಅಂದ್ರೆ ಎದುರಾಳಿ ವಾದಾನ ಎದುರಾಳಿಗಿಂತ ಚೆನ್ನಾಗಿ ನಾವೇ ಹೇಳಬೇಕು. ಅವನೇ 'ಹೌದಪ್ಪ, ನಾನು ಹೇಳಬೇಕೂಂತಿದ್ದಿದ್ದು ಇದೇ' ಅನ್ನಬೇಕು. ಆಮೇಲೇ ಖಂಡನೆ, ಆಮೇಲೆ ನಮ್ಮ ಸಿದ್ಧಾಂತ." ತಾನ್ ತಲೆ ಕೆರೆದುಕೊಂಡರು. "ಅದಕ್ಕೆ ಎಷ್ಟು ಹೊತ್ತು ಬೇಕು?" "ನಮ್ಮ ತಾತ ಮೂರು ದಿನ ತಗೋತಿದ್ರು."

ಇಷ್ಟರವರೆಗೆ ಎಲ್ಲ ತಮಾಷೆಯಾಗಿತ್ತು. ಆಮೇಲೆ ನನ್ನ ವಿಷಯ ಬಂತು.

ವರ್ಷಕ್ಕೊಮ್ಮೆ ಕೂಟದವರು ಸ್ಯಾನ್ ಡಿಯೆಗೊದ ಕರ್ನಿ ಮೆಸಾದಲ್ಲಿ, ಒಂದು ಹೋಟೆಲಿನ ಹಾಲ್‌ನಲ್ಲಿ ಸೇರುತ್ತಿದ್ದರು. ಅಲ್ಲಿ ನಾನು ಒಂದು ಗುಟುಕು ನೀರು ಕುಡಿದು ಸುಮ್ಮನೆ, "ಇವತ್ತು ಕ್ಲೋರಿನ್ ಜಾಸ್ತಿ" ಎಂದೆ. ಮಿಸೆಸ್ ವಾಂಗ್ ತಟ್ಟನೆ ತಿರುಗಿದರು. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದವಳು, ಫಸ್ಟ್ ಕ್ಲಾಸ್ ಎಂದು ಗೊತ್ತಾಯಿತು.

"ಮುಂದಿನ ತಿಂಗಳು ಮೊದಲನೇ ಸೋಮವಾರ, ಎಂಟು ಗಂಟೆಗೆ, ನನ್ನ ಲ್ಯಾಬ್‌ಗೆ ಕೆಲಸಕ್ಕೆ ಬಾ. ಮೂರು ಕಾರಣ ಇದೆ. ಕಾರಣ ಆಮೇಲೆ ಹೇಳ್ತೀನಿ."

ಹನ್ನೊಂದು ವರ್ಷ ಬೀರುವಿನಲ್ಲಿ ಮಲಗಿದ್ದ ಸರ್ಟಿಫಿಕೇಟು ಎದ್ದು ಕೂತಂತಾಯಿತು. ಆದರೆ ದಿನಾ ಹೋಗಿಬರುವ ದೂರವೇ ಅದು? ಸೋಮವಾರದಿಂದ ಗುರುವಾರದವರೆಗೆ ಅಲ್ಲೇ ಒಂದು ರೂಮಿನಲ್ಲಿ ಇರಬೇಕು. ಯಜಮಾನರು ಬೆಳಗ್ಗೆ ಆರಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಮಗಳನ್ನು ಸ್ಕೂಲಿಗೆ ನಡೆಸಿಕೊಂಡು ಹೋಗಿ, ಕರೆತಂದು, ಊಟ ಹಾಕುವವರು ಭಾವನವರೇ ಆಗಬೇಕು. ಅವರು ಹೂಂ ಅಂದರೆ ಕೆಲಸ, ಊಹೂಂ ಅಂದರೆ ಕ್ಯಾರೆಟ್ ಉಪ್ಪಿಟ್ಟು.

"ನಂಗೇನೂ ಇಲ್ಲಪ್ಪ, ಅಣ್ಣ ಒಪ್ಪಿದ್ರೆ," ಎಂದರು ಯಜಮಾನರು.

"ಇಲ್ಲ," ಎಂದರು ಭಾವ.

"ಯಾಕೆ ಭಾವ?"

"ಇಲ್ಲ ಅಂದ್ನಲ್ಲಮ್ಮ."

ಅಷ್ಟೇ! ಉಪ್ಪಿಟ್ಟಿನ ಕ್ಯಾರೆಟ್ಟಿಗೆ ಹದಿನಾಲ್ಕು ಕಾರಣ ಕೊಟ್ಟವರು ಇದಕ್ಕೆ ಒಂದೂ ಕೊಡಲಿಲ್ಲ. ಒಂದು ವಾರ ಕೆಣಕಿದೆ, ರೇಗಿದೆ, ಸಾರಿಗೆ ಉಪ್ಪು ಕಡಿಮೆ ಹಾಕಿದೆ. ವಾದಕ್ಕೇ ಬರಲಿಲ್ಲ ಮನುಷ್ಯ. ಅತ್ತುಬಿಡೋಣ ಅನ್ನಿಸಿತು. ಬಿಡುತ್ತೇನೆಯೇ? ಮಿಸೆಸ್ ವಾಂಗ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅವರು ಮಾಡಿದ ಚೇಷ್ಟೆ ನೋಡಿ! ಮುಂದಿನ ಕೂಟವನ್ನು ಮತ್ತೆ ಕರ್ನಿ ಮೆಸಾದಲ್ಲೇ ಇಟ್ಟು, ವಿಷಯ ಹೀಗೆಂದು ಗೊತ್ತುಮಾಡಿದರು: 'ಮದುವೆಯಾದ ಹೆಂಗಸು ದೂರದ ಊರಿನಲ್ಲಿ ಕೆಲಸಕ್ಕೆ ಹೋಗಬಹುದು.' ಪರವಾಗಿ ಲಿನ್ ಮತ್ತು ಮಿಸೆಸ್ ವಾಂಗ್. ವಿರೋಧವಾಗಿ ತಾನ್ ಮತ್ತು ವಿಶೇಷ ಆಹ್ವಾನಿತರಾಗಿ, ಇಂಗ್ಲಿಷಿನಲ್ಲಿ, ನಮ್ಮ ಭಾವನವರು! ಆ ವೇದಿಕೆ ಹತ್ತಲು ಎರಡು ವರ್ಷದಿಂದ ಆಸೆಪಟ್ಟ ಮನುಷ್ಯ. ಬೇಡ ಅನ್ನುವುದು ಹೇಗೆ? ಹೋಗುವಾಗ ಕಾರಿನಲ್ಲಿ ಮೆಲ್ಲಗೆ, "ಅಲ್ಲಿ ನಾನು ಸೋತ್ರೆ ನೀನು ಹೋಗಮ್ಮ. ಗೆದ್ರೆ ಸುಮ್ನಿರು," ಎಂದರು. ನಾನು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ಭಾವನವರು ವಾದದಲ್ಲಿ ಸೋತದ್ದನ್ನು ನಾನಂತೂ ಕಂಡಿರಲಿಲ್ಲ.

ಮಿಸೆಸ್ ವಾಂಗ್ ಮೂರು ಬೆರಳು ತೋರಿಸಿ ಶುರುಮಾಡಿದರು. ತಾನ್ ಎದ್ದು 'ದೂರ' ಅಂದರೆ ಎಷ್ಟು ಮೈಲಿ ಎಂದು ಇತ್ಯರ್ಥ ಮಾಡುವುದರಲ್ಲೇ ತಮ್ಮ ಸಮಯ ಮುಗಿಸಿದರು. ಆಮೇಲೆ ಭಾವನವರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು.

"ಮೊದಲು ಪೂರ್ವಪಕ್ಷ ಹೇಳ್ತೀನಿ. ಈ ಹುಡುಗಿ ಅಮೆರಿಕಾಕ್ಕೆ ಬಂದಾಗ ಸೀರೆ ಮಡಿಕೆಯೊಳಗೆ ಒಂದು ಸರ್ಟಿಫಿಕೇಟ್ ಇಟ್ಕೊಂಡು ಬಂದ್ಲು. ಸೋಪಿನ ಡಬ್ಬದ ಹಿಂದೆ ಇರೋ ಸಣ್ಣಕ್ಷರಾನ ಕಾದಂಬರಿ ಥರ ಓದ್ತಾಳೆ. ಓದಿ ಮುಗಿಸಿ ಡಬ್ಬ ಕೆಳಗಿಡೋವಾಗ ಒಂದು ನಿಟ್ಟುಸಿರು ಬಿಡ್ತಾಳೆ. ಯಾರೂ ನೋಡಿಲ್ಲ ಅಂದ್ಕೊಂಡಿದಾಳೆ. ನಾನು ನೋಡಿದೀನಿ. ಫ್ರೀವೇ ಅಂದ್ರೆ ನಾನು ಸ್ಟಿಯರಿಂಗೇ ಮುಟ್ಟಲ್ಲ. ಇವಳು ಮೂರು ವಾರದಲ್ಲಿ ಕಲ್ತು, ಈ ಮುದುಕನ್ನ ಚೀನೀ ಜಗಳ ಕೇಳಿಸಕ್ಕೆ ಊರೂರು ಕರ್ಕೊಂಡು ಹೋಗ್ತಾಳೆ. ಮಗು ಬಗ್ಗೆ ಕೇಳ್ತೀರಾ? ಮಗೂಗೆ ನನ್ನ ಸಾರೇ ಇಷ್ಟ. ಅಮ್ಮಂಗೆ ಬೇಜಾರಾಗತ್ತೆ ಅಂತ ಹೇಳಲ್ಲ ಅಷ್ಟೇ..."

ಟಣ್. ಆರು ನಿಮಿಷ! ತಾನ್ ಕೆಳಗಿನಿಂದ ಕೋಟು ಎಳೆದು, "ಖಂಡನೆ! ಖಂಡನೆ!" ಎಂದು ಪಿಸುಗುಟ್ಟಿದರು. ಭಾವನವರು ಕೈ ಕೊಡವಿದರು.

"ಇರಪ್ಪ, ಇನ್ನೂ ಇದೆ. ಇವಳಿಗೆ ಎಂಥ ಬುದ್ಧಿ ಅಂದ್ರೆ, ಮೂವತ್ತು ವರ್ಷ ನೀರಿನ ಕೆಲಸ ಮಾಡಿದ ನಾನು ಹೋದ ಸಲ ಇಲ್ಲಿ ಇವಳು ಕುಡಿದ ನೀರೇ ಕುಡಿದೆ. ನನಗೆ ಏನೂ ಗೊತ್ತಾಗ್ಲಿಲ್ಲ. ಇವಳಿಗೆ ಗೊತ್ತಾಯ್ತು."

ಟಣ್ ಟಣ್.

ಭಾವನವರು ಕೂತರು. ತಾನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು. ಲಿನ್ ಎದ್ದು ಸಭೆಗೆ ನಮಸ್ಕರಿಸಿ, ಭಾವನವರಿಗೆ ಇನ್ನೂ ಕೆಳಕ್ಕೆ ಬಾಗಿ, "ನಮ್ಮ ಪಕ್ಷಕ್ಕೆ ಸೇರಿಸುವುದು ಏನೂ ಉಳಿದಿಲ್ಲ" ಎಂದು ಕೂತುಬಿಟ್ಟರು. ಆ ಒಂದು ಸಲ ನದಿ ನೇರವಾಗಿ ಹರಿಯಿತು! ಕೈ ಎತ್ತಿಸಿ ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಮಿಸೆಸ್ ವಾಂಗ್ ನನ್ನ ಬೆನ್ನಿಗೆ ಗುದ್ದಿ, "ಸೋಮವಾರ, ಎಂಟು ಗಂಟೆ!" ಎಂದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಿಟ್ಟುಸಿರಿನ ಲೆಕ್ಕ ಇಟ್ಟಿದ್ದಾರಲ್ಲ ಈ ಮನುಷ್ಯ ಎಂದೇ ಯೋಚನೆ.

ವಾಪಸು ಬರುವಾಗ ಇನ್ನೂ ಬಿಸಿಲಿತ್ತು. ಎಡಕ್ಕೆ ಸಮುದ್ರ, ಬಲಕ್ಕೆ ಒಣಗಿದ ಗುಡ್ಡ. ಭಾವನವರು ಗುಡ್ಡ ನೋಡುತ್ತಿದ್ದರು.

"ಭಾವ, ನಿಮ್ಮ ಸಿದ್ಧಾಂತ ಏನಿತ್ತು? ಹೇಳ್ಲೇ ಇಲ್ಲ."

"ಟೈಮ್ ಆಗೋಯ್ತಲ್ಲ."

"ಈಗ ಎರಡು ಗಂಟೆ ಟೈಮ್ ಇದೆ. ಹೇಳಿ, ಖಂಡಿಸ್ತೀನಿ."

ಭಾವನವರು ಕೋಟಿನ ಗುಂಡಿ ಬಿಚ್ಚಿದರು.

"ಒಂದೇ ವಾಕ್ಯ ಇತ್ತಮ್ಮ. ಏಳು ನಿಮಿಷಕ್ಕೆ ಎಲ್ಲಿ ಸಾಲತ್ತೆ? ಅದಕ್ಕೇ ನಿನ್ನ ಪಕ್ಷಾನೇ ಎಳೆದೆ."

"ಏನದು?"

"ನೀನು ಹೋದ್ರೆ, ಮನೇಲಿ ನನ್ನ ಮಾತಿಗೆ 'ಇಲ್ಲ' ಅನ್ನೋರು ಯಾರೂ ಇರಲ್ಲ."

ಒಂದು ಮೈಲಿ ಹೋಯಿತು, ಎರಡು ಮೈಲಿ ಹೋಯಿತು.

"ಖಂಡಿಸಮ್ಮ," ಎಂದರು ಮೆತ್ತಗೆ. ಆಮೇಲೆ, "ಅಳ್ತಾ ಡ್ರೈವ್ ಮಾಡಬಾರದು."

"ಯಾರು ಅಳ್ತಿರೋದು? ನಾನಲ್ಲ, ನೀವು."

"ನಾನಾ? ಬಿಸಿಲು ಕಣ್ಣಿಗೆ ಹೊಡೀತಿದೆ."

"ಬಿಸಿಲು ನನ್ನ ಕಡೆ ಇದೆ ಭಾವ. ನಿಮ್ಮ ಕಡೆ ಇರೋದು ಗುಡ್ಡ!"

ಆ ವಾದ ವೆಸ್ಟ್ ಕೊವಿನಾದ ನಮ್ಮ ಗ್ಯಾರೇಜಿನವರೆಗೂ ನಡೆಯಿತು, ತೀರ್ಮಾನವಾಗಲಿಲ್ಲ.

ಆ ಸೋಮವಾರ ಬಂತು. ಬೆಳಗ್ಗೆ ಐದೂವರೆಗೆ ಕಾರು ಹೊರಗೆ ತೆಗೆದೆ. ಭಾವನವರು ಮಫ್ಲರ್ ಸುತ್ತಿಕೊಂಡು ಬಂದು, ಮೊಸರನ್ನದ ಡಬ್ಬ ಪಕ್ಕದ ಸೀಟಿನಲ್ಲಿಟ್ಟು, ಕಿಟಕಿಯ ಹತ್ತಿರ ಬಗ್ಗಿದರು.

"ಅವತ್ತು ಅತ್ತಿದ್ದು ನೀನೇ."

"ಇಲ್ಲ," ಎಂದೆ.

ಅವರ ಮುಖ ನೋಡಬೇಕಿತ್ತು ನೀವು!